ಸ್ಟೋರಿವೀವರ್: ಇಂಗ್ಲಿಷ್ ಓದಲು ಆರಂಭಿಸುವ ಮಕ್ಕಳಿಗೆ ಎಷ್ಟು ಉಪಯುಕ್ತ?

ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಅಥವಾ ಯರವ ಭಾಷೆ ಆಡುತ್ತ ಶಾಲೆಯಲ್ಲಿ ಕನ್ನಡ ಕಲಿಯುವ ಕೊಡಗಿನ ಅನೇಕ ಮಕ್ಕಳಿಗೆ ಇಂಗ್ಲಿಷ್ ಮೂರನೆಯ ಭಾಷೆ. ಅಂಥವರಿಗೆ, ಮಕ್ಕಳ ಪುಸ್ತಕಗಳನ್ನು ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಉಚಿತ ಅಂತರ್ಜಾಲ ಕಥಾಸಂಗ್ರಹವನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ.

ಇಲ್ಲಿನ ಹಲವು ಕಥೆಗಳು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅದೇ ಚಿತ್ರಗಳೊಂದಿಗೆ ದೊರೆಯುವುದೇ ಇದರ ದೊಡ್ಡ ಬಲ. ಮೊದಲು ಕನ್ನಡದಲ್ಲಿ ಓದಿ, ಚಿತ್ರ ನೋಡುತ್ತ ಮನೆಮಾತಿನಲ್ಲಿ ಹರಟಿದ ಮಗು ಇಂಗ್ಲಿಷ್ ಪುಟಕ್ಕೆ ಬರುವಾಗ ಕಥೆ ಅದಕ್ಕೆ ಗೊತ್ತಿರುತ್ತದೆ. ಅರ್ಥಕ್ಕಾಗಿ ತಡಕಾಡದೆ ಅಕ್ಷರ ಮತ್ತು ಧ್ವನಿಯ ಸಂಬಂಧದ ಕಡೆಗೆ ಗಮನ ಕೊಡಲು ಸಾಧ್ಯವಾಗುತ್ತದೆ. ಇಂಗ್ಲಿಷ್ ಬಾರದ ತಾಯಿತಂದೆಯರೂ ಈ ಮೊದಲರ್ಧವನ್ನು ಸಲೀಸಾಗಿ ನಡೆಸಬಲ್ಲರು. ಸುಲಭದಿಂದ ಕಠಿಣದವರೆಗೆ ಕಥೆಗಳಿಗೆ ಓದಿನ ಮಟ್ಟಗಳು ನಾಲ್ಕು. ಕೆಲವು ಕಥೆಗಳಲ್ಲಿ ಓದುವ ಧ್ವನಿ ಕೇಳಿಸುತ್ತಿದ್ದಂತೆ ಆಯಾ ಪದಗಳೂ ಬಣ್ಣ ಪಡೆಯುತ್ತವೆ. ಉಚ್ಚಾರಣೆಯ ಅಳುಕಿರುವ ಶಿಕ್ಷಕರಿಗೆ ಇದು ನಿಜವಾದ ಆಸರೆ.

ಆದರೆ ಮಟ್ಟದ ಸಂಖ್ಯೆಯನ್ನೇ ನಂಬಬಾರದು, ಏಕೆಂದರೆ ಮೊದಲ ಮಟ್ಟದ ಚಿಕ್ಕ ವಾಕ್ಯವೂ ಇಂಗ್ಲಿಷ್ ಕಿವಿಗೇ ಬೀಳದ ಮಗುವಿಗೆ ಕಠಿಣವಾಗಬಹುದು. ಮಳೆಗಾಲದಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುವ ನಮ್ಮ ಊರುಗಳಲ್ಲಿ, ಕಾಫಿ ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಮಕ್ಕಳಿಗಂತೂ, ಮುದ್ರಿತ ಪ್ರತಿಯೇ ಲೇಸು. ಕಥೆಗಳು ಮುಕ್ತ ಪರವಾನಗಿಯಲ್ಲಿರುವುದರಿಂದ ಶಾಲೆಗಳು ಜೂನ್‌ಗೆ ಮೊದಲೇ ಅವುಗಳನ್ನು ಇಳಿಸಿಕೊಂಡು, ಮುದ್ರಿಸಿ, ಮಕ್ಕಳ ಕೈಯಲ್ಲಿ ಮನೆಗೆ ಕಳುಹಿಸಬಹುದು.