ಫೈಬರ್ ಬಾಡಿಯ ಕಾರಿಗೆ 7 ಇಂಚಿನ ಹೆಡ್‌ಲೈಟ್ ಕಿಟ್: ದೀಪ ಚೆನ್ನಾಗಿದೆ, ಕಿಟ್ ಅರ್ಧ ಮಾತ್ರ

ನನ್ನ ಕಿಟ್ ಕಾರು, ಅಂದರೆ ಭಾಗಗಳನ್ನು ತರಿಸಿ ನಾವೇ ಜೋಡಿಸುವ ಕಾರು, ಎರಡು ವರ್ಷ ಕುರುಡಾಗಿಯೇ ನಿಂತಿತ್ತು. ಚಾಸಿಸ್ ಆಯಿತು, ಇಂಜಿನ್ ಕೂತಿತು, ಅದರ ಮೇಲೆ ಫೈಬರ್‌ಗ್ಲಾಸ್ ಬಾಡಿಯೂ ಬಂತು. ಮುಂದಿನ ಎರಡು ಮಡ್‌ಗಾರ್ಡ್ ಮಾತ್ರ ನುಣ್ಣಗೆ, ಬೋಳು ಬೋಳು. ಬಾಡಿ ಮಾಡಿದವರು ಹೆಡ್‌ಲೈಟಿಗೆ ತೂತು ಕೊರೆದು ಕೊಟ್ಟಿರಲಿಲ್ಲ. ‘ನಿಮಗೆ ಬೇಕಾದ ಲೈಟ್ ನೀವೇ ಹಾಕಿಕೊಳ್ಳಿ’ ಅಂದಿದ್ದರು. ಕೇಳುವಾಗ ಎಷ್ಟು ಉದಾರಿಗಳಪ್ಪ ಅನ್ನಿಸಿತ್ತು. ಡ್ರಿಲ್ ಕೈಗೆ ಬಂದಾಗ ಗೊತ್ತಾಯಿತು, ಕಷ್ಟದ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ ಅಂತ.

ನಾನು ತರಿಸಿದ್ದು ಮಾಮೂಲಿ 7 ಇಂಚಿನ ಬಕೆಟ್ ಕಿಟ್. ತಯಾರಕರ ಹೆಸರು ಬರೆಯುವುದಿಲ್ಲ. ಒಂದೇ ಅಚ್ಚಿನ ಮಾಲು ಹತ್ತಾರು ಹೆಸರಿನ ಡಬ್ಬಿಗಳಲ್ಲಿ ಬರುತ್ತದೆ, ಹೆಸರು ಹೇಳಿಯೂ ಪ್ರಯೋಜನ ಇಲ್ಲ. ಡಬ್ಬಿಯೊಳಗೆ ಎರಡು ತಗಡಿನ ಬಕೆಟ್ (ದೀಪ ಕೂರುವ ಬಟ್ಟಲು), ಎರಡು ಗಾಜಿನ ದೀಪ, ಎರಡು ಎಚ್4 ಬಲ್ಬ್ (ಡಿಪ್‌ಗೊಂದು, ಹೈ ಬೀಮ್‌ಗೊಂದು ಉರಿಯುವ ತಂತಿ ಒಳಗೇ ಇರುವ ಹ್ಯಾಲೊಜನ್ ಬಲ್ಬ್), ಕ್ರೋಮ್ ರಿಂಗ್‌ಗಳು, ರಬ್ಬರ್ ಗ್ಯಾಸ್ಕೆಟ್, ಒಂದಿಷ್ಟು ಸ್ಕ್ರೂ, ಗೇಣುದ್ದದ ವೈರು, ತೂತಿನ ಅಳತೆ ಗುರುತು ಮಾಡಲು ಒಂದು ಕಾಗದ. ಹಾಕಿ ಆರು ತಿಂಗಳಾಯಿತು. ಮಳೆಯಲ್ಲೂ ಓಡಿಸಿದ್ದೇನೆ, ರಾತ್ರಿಯಲ್ಲೂ ಓಡಿಸಿದ್ದೇನೆ.

ಮೊದಲು ಒಳ್ಳೆಯ ಮಾತು. ದೀಪ ನಿಜಕ್ಕೂ ಚೆನ್ನಾಗಿದೆ. ಗಾಜು ದಪ್ಪ, ರಿಫ್ಲೆಕ್ಟರ್‌ನಲ್ಲಿ ಒಂದು ಕಲೆ ಇಲ್ಲ. ಡಿಪ್‌ನಲ್ಲಿ ಬೆಳಕಿನ ಮೇಲಂಚು ಗೋಡೆಯ ಮೇಲೆ ಗೆರೆ ಎಳೆದ ಹಾಗೆ ಬೀಳುತ್ತದೆ. ಇನ್ನು 7 ಇಂಚಿನ ದುಂಡು ದೀಪದ ದೊಡ್ಡ ಲಾಭ ಅಂದರೆ ಅದರ ವಯಸ್ಸು. ಅಮೆರಿಕದಲ್ಲಿ 1940ರಲ್ಲಿ ಈ ಅಳತೆ ಕಾಯಂ ಆಯಿತು. ಆಮೇಲೆ ಎಷ್ಟೋ ದೇಶಗಳ ಎಷ್ಟೋ ಕಾರುಗಳಿಗೆ ಇದೇ ಬಂತು, ಹಳೆಯ ಮಿನಿ ಕಾರಿಗೂ ಇದೇ. ನಾಳೆ ಕಲ್ಲು ಬಡಿದು ಗಾಜು ಒಡೆದರೆ ಬೇರೆ ಕಂಪನಿಯದ್ದು ತಂದರೂ ಸೀದಾ ಕೂರುತ್ತದೆ. ಕಿಟ್ ಕಾರಿನವರಿಗೆ ಇದು ಸಣ್ಣ ವಿಷಯ ಅಲ್ಲ. ಚೆಂದ ಕಂಡಿತು ಅಂತ ಯಾವುದೋ ಕಾರಿನ ವಿಚಿತ್ರ ಆಕಾರದ ಲೈಟ್ ಹಾಕಿಸಿಕೊಂಡು, ಆಮೇಲೆ ಅದರ ಜೋಡಿ ಸಿಗದೆ ಅಲೆಯುವವರನ್ನು ನೋಡಿದ್ದೇನೆ.

ಇನ್ನು ತಕರಾರು. ಮೊದಲನೆಯದು ಆ ಕಾಗದ.

ಅದನ್ನು ಮಡ್‌ಗಾರ್ಡ್ ಮೇಲೆ ಅಂಟಿಸಿ, ಪೆನ್ಸಿಲ್ ಹಿಡಿದು, ಸುಮ್ನೆ ಒಂದು ಅನುಮಾನಕ್ಕೆ ಅಳತೆ ನೋಡಿದೆ. ಕಾಗದದ ವೃತ್ತ 191 ಮಿ.ಮೀ. ಬಕೆಟ್‌ನ ಕುತ್ತಿಗೆ 184. ಏಳು ಮಿ.ಮೀ. ವ್ಯತ್ಯಾಸ! ಕಾಗದ ನಂಬಿ ಕತ್ತರಿಸಿದ್ದರೆ ಸ್ಕ್ರೂ ತೂತುಗಳು ಅಂಚಿಗೇ ಬಂದು ಕೂರುತ್ತಿದ್ದವು. ಫೈಬರ್‌ನಲ್ಲಿ ಅಂಚಿಗೆ ಬಂದ ತೂತು ಅಂದರೆ ಕಿತ್ತುಹೋಗುವ ತೂತು. ತಗಡಿನ ಬಾಡಿಯಾದರೆ ಹಾಗೋ ಹೀಗೋ ನಿಭಾಯಿಸಬಹುದು, ಇಲ್ಲಿ ಆಗುವುದಿಲ್ಲ. ಕಾಗದ ಮಡಚಿ ಬಿಸಾಕಿದೆ. ಬಕೆಟನ್ನೇ ರಟ್ಟಿನ ಮೇಲಿಟ್ಟು ಗೆರೆ ಎಳೆದು ನನ್ನದೇ ಅಳತೆ ಮಾಡಿಕೊಂಡೆ.

ಎರಡನೆಯದು ಕಿಟ್‌ನ ತಪ್ಪಲ್ಲ, ಬಾಡಿಯದ್ದು. ಆದರೆ ಲೈಟ್ ಹಾಕುವಾಗಲೇ ಹೊರಗೆ ಬರುವುದು. ಈ ಬಾಡಿಗಳನ್ನು ಅಚ್ಚಿನಲ್ಲಿ ಕೈಯಲ್ಲೇ ಮಾಡುತ್ತಾರೆ. ಮೊದಲು ಜೆಲ್‌ಕೋಟ್, ಅದರ ಮೇಲೆ ಗಾಜಿನ ನಾರಿನ ಚಾಪೆ, ರೆಸಿನ್ ಅನ್ನುವ ಗಟ್ಟಿಯಾಗುವ ಅಂಟು, ಮತ್ತೆ ಚಾಪೆ. ಜೆಲ್‌ಕೋಟ್ ಅಂದರೆ ಹೊರಗೆ ಕಾಣುವ ನುಣುಪು ಪದರ. ಎಡಕ್ಕೂ ಬಲಕ್ಕೂ ಒಂದೇ ಆಕಾರ ಬರುತ್ತದೆ ಅಂದುಕೊಂಡರೆ ಅದು ನಮ್ಮ ಭ್ರಮೆ. ಚಕ್ರಕ್ಕೆ ಸರಿಯಾಗಿ ಗಾಳಿ ಹೊಡೆದು, ಸೀಟಿನಲ್ಲಿ ನನ್ನ ತೂಕದಷ್ಟು ಮರಳಿನ ಚೀಲ ಇಟ್ಟು, ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಟ್ಯೂಬ್ ಹಿಡಿದು ಅಳೆದೆ. ಎಡಗಡೆ ಮಡ್‌ಗಾರ್ಡ್ ಬಲಗಡೆಗಿಂತ 9 ಮಿ.ಮೀ. ಕೆಳಗಿತ್ತು.

ಈಗ ಏನು ಮಾಡುವುದು? ನೆಲದಿಂದ ಅಳೆದು ಎರಡೂ ದೀಪ ಸಮ ಇಟ್ಟರೆ, ಎಡಗಡೆ ದೀಪ ಹುಬ್ಬೇರಿಸಿದ ಹಾಗೆ ಕಾಣುತ್ತದೆ. ಬಾಡಿ ನೋಡಿ ಇಟ್ಟರೆ ನೆಲದ ಲೆಕ್ಕ ತಪ್ಪುತ್ತದೆ. ನಾನು ಮೂರು ದಿನ ರಟ್ಟಿನ ದೀಪ ಅಂಟಿಸಿ ದೂರ ನಿಂತು ನೋಡಿದೆ. ಹೆಂಡತಿಯನ್ನು ಕರೆದು ಕೇಳಿದೆ. ‘ಎರಡೂ ಒಂದೇ ತರ ಇವೆಯಲ್ಲ’ ಅಂದಳು. ವ್ಯತ್ಯಾಸವನ್ನು ಅರ್ಧ ಅರ್ಧ ಹಂಚಿಬಿಟ್ಟೆ. ದೀಪ ಕೂರುವ ಜಾಗದಲ್ಲಿ ನಾಲ್ಕೈದು ಮಿ.ಮೀ. ಆಚೀಚೆ ಆದರೆ ಬೆಳಕಿಗೆ ಏನೂ ಆಗುವುದಿಲ್ಲ, ಬೆಳಕಿನ ದಿಕ್ಕನ್ನು ಅಡ್ಜಸ್ಟರ್ ಸ್ಕ್ರೂನಲ್ಲಿ ಸರಿ ಮಾಡಬಹುದು. ಕಣ್ಣಿಗೆ ಸಮ ಕಂಡರೆ ಸಾಕು. ಆದರೆ ಒಟ್ಟು ಎತ್ತರ ಮಾತ್ರ ನೋಡಿಕೊಳ್ಳಿ, ಈ ಕಾರುಗಳು ನೆಲಕ್ಕೆ ಅಂಟಿಕೊಂಡಿರುತ್ತವೆ. ಡಿಪ್ ದೀಪದ ಕೆಳಗಿನ ಅಂಚು ನೆಲದಿಂದ 500 ಮಿ.ಮೀ.ಗಿಂತ ಕೆಳಗೆ ಬರಬಾರದು ಅನ್ನುವುದು ವಿಶ್ವಸಂಸ್ಥೆಯ ವಾಹನ ನಿಯಮ. ನನ್ನದು 530ಕ್ಕೆ ನಿಂತಿದೆ.

ಕೊರೆಯುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಸ್ಕಿಂಗ್ ಟೇಪ್ ದಪ್ಪಗೆ ಅಂಟಿಸಿ. ತೂತು ಶುರು ಮಾಡುವಾಗ ಡ್ರಿಲ್ಲನ್ನು ಹಿಮ್ಮುಖವಾಗಿ ತಿರುಗಿಸಿ. ಹಾಗೆ ಮಾಡಿದರೆ ಬಿಟ್ ಜೆಲ್‌ಕೋಟನ್ನು ಕಚ್ಚಿ ಕೀಳುವುದಿಲ್ಲ, ಕೆರೆದುಕೊಂಡು ಒಳಗೆ ಇಳಿಯುತ್ತದೆ. ಆಮೇಲೆ ಮುಂದಕ್ಕೆ ತಿರುಗಿಸಿ. ದೊಡ್ಡ ವೃತ್ತಕ್ಕೆ ಹಲ್ಲಿನ ಬ್ಲೇಡ್ ಬೇಡ, ಕಾರ್ಬೈಡ್ ಹರಳು ಅಂಟಿಸಿದ ಜಿಗ್ ಸಾ ಬ್ಲೇಡ್ ಒಳ್ಳೆಯದು. ಗೆರೆಗಿಂತ 2 ಮಿ.ಮೀ. ಒಳಗೇ ಕತ್ತರಿಸಿ, ಉಳಿದಿದ್ದನ್ನು ಅರದಲ್ಲಿ ಉಜ್ಜಿ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗೆ ಉದ್ದ ತೋಳಿನ ಅಂಗಿ ಬೇಕೇ ಬೇಕು. ನಾನು ಮೊದಲ ದಿನ ಅರ್ಧ ತೋಳಿನ ಬನಿಯನ್‌ನಲ್ಲಿ ಕೆಲಸ ಮಾಡಿ ಎರಡು ರಾತ್ರಿ ಮೈ ಕೆರೆದುಕೊಂಡೆ.

ನಿಜವಾದ ತಲೆನೋವು ಬಕೆಟ್ ಕೂರಿಸುವಾಗ ಶುರುವಾಯಿತು. ಬಕೆಟ್‌ನ ಬಾಯಿ ಚಪ್ಪಟೆ, ಮಡ್‌ಗಾರ್ಡ್ ಉಬ್ಬು. ಎರಡೇ ಕಡೆ ತಾಗುತ್ತದೆ, ಉಳಿದ ಕಡೆ ಬೆರಳು ತೂರುವಷ್ಟು ಸಂದು. ಕಿಟ್‌ನಲ್ಲಿ ಕೊಟ್ಟಿರುವ ಗ್ಯಾಸ್ಕೆಟ್ 3 ಮಿ.ಮೀ. ದಪ್ಪ, ಅಷ್ಟು ಸಂದಿಗೆ ಅದು ಯಾವ ಮೂಲೆಗೂ ಸಾಲುವುದಿಲ್ಲ. ಸ್ಕ್ರೂ ಬಿಗಿ ಮಾಡಿದರೆ ಸಂದು ಮುಚ್ಚಬಹುದು ಅಂತ ಬಲಗಡೆ ಒಂದು ಸುತ್ತು ಜಾಸ್ತಿ ತಿರುಗಿಸಿದೆ. ‘ಟಿಕ್’ ಅಂತ ಒಂದು ಸಣ್ಣ ಸದ್ದು. ಸ್ಕ್ರೂ ಸುತ್ತ ಜೆಲ್‌ಕೋಟ್‌ನಲ್ಲಿ ಕೂದಲಿನಂಥ ಬಿರುಕುಗಳು, ನಕ್ಷತ್ರದ ಹಾಗೆ ಐದು ದಿಕ್ಕಿಗೆ. ಫೈಬರ್ ಬಗ್ಗುತ್ತದೆ, ಅದರ ಮೇಲಿನ ಜೆಲ್‌ಕೋಟ್ ಬಗ್ಗುವುದಿಲ್ಲ. ತಪ್ಪು ನನ್ನದೇ. ಆದರೆ ಈ ಒಂದು ಸಾಲನ್ನು ಕಿಟ್ ಜೊತೆ ಬಂದ ಹಾಳೆಯಲ್ಲಿ ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು?

ಇನ್ನೊಂದು ವಿಷಯ, ನನ್ನ ಮಡ್‌ಗಾರ್ಡ್‌ನ ಮುಖ ಸ್ವಲ್ಪ ಹಿಂದಕ್ಕೆ ವಾಲಿದೆ. ಹಾಗೇ ಕೂರಿಸಿದರೆ ದೀಪ ಆಕಾಶ ನೋಡುತ್ತದೆ. ಅಡ್ಜಸ್ಟರ್ ಸ್ಕ್ರೂ ಕೊನೆ ತನಕ ತಿರುಗಿಸಿದರೂ ಬೆಳಕು ರಸ್ತೆಗೆ ಇಳಿಯಲಿಲ್ಲ. ಅಡ್ಜಸ್ಟರ್ ಇರುವುದು ಸಣ್ಣ ತಿದ್ದುಪಡಿಗೆ, ವಾಲಿದ ಬಾಡಿಯನ್ನು ನೇರ ಮಾಡುವುದಕ್ಕಲ್ಲ.

ಎರಡಕ್ಕೂ ಮದ್ದು ಒಂದೇ ಆಯಿತು. ಬಕೆಟ್‌ನ ಬಾಯಿಗೆ ಪ್ಯಾಕಿಂಗ್ ಟೇಪ್ ಸುತ್ತಿ ಮೇಲೆ ಮೇಣ ಸವರಿದೆ. ಮಡ್‌ಗಾರ್ಡ್‌ನಲ್ಲಿ ತೂತಿನ ಸುತ್ತ ಜೆಲ್‌ಕೋಟನ್ನು ಉಜ್ಜಿ ಒರಟು ಮಾಡಿದೆ. ರೆಸಿನ್‌ಗೆ ಕತ್ತರಿಸಿದ ಗಾಜಿನ ನಾರು ಕಲಸಿ, ಹಾರ್ಡ್‌ನರ್ ಹಾಕಿ, ಗಟ್ಟಿ ಹಿಟ್ಟಿನ ಹದಕ್ಕೆ ತಂದು ಸುತ್ತಲೂ ಮೆತ್ತಿದೆ. ಬಕೆಟನ್ನು ಅದರ ಮೇಲೆ ಒತ್ತಿ, ಮಟ್ಟಗೋಲು ಹಿಡಿದು ಬಾಯಿ ನೆಟ್ಟಗೆ ನಿಲ್ಲಿಸಿ, ಟೇಪ್ ಹಾಕಿ ಬಿಟ್ಟುಬಿಟ್ಟೆ. ಮರುದಿನ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಬಕೆಟ್ ಎದ್ದು ಬಂತು. ಮಡ್‌ಗಾರ್ಡ್ ಮೇಲೆ ಅದರದ್ದೇ ಅಚ್ಚಿನ ಪೀಠ ತಯಾರು. ಕೆಳಗೆ ದಪ್ಪ, ಮೇಲೆ ತೆಳು... ಅಲ್ಲಲ್ಲ, ಉಲ್ಟಾ! ಹಿಂದಕ್ಕೆ ವಾಲಿದ ಮುಖಕ್ಕೆ ಮೇಲೆ ದಪ್ಪ ಬರಬೇಕು, ಕೆಳಗೆ ತೆಳು. ಬರೆಯುವಾಗ ತಪ್ಪಿದ ಹಾಗೆ ಮಾಡುವಾಗಲೂ ಒಮ್ಮೆ ತಪ್ಪಿ, ಎಡಗಡೆ ಪೀಠವನ್ನು ಎರಡು ಸಲ ಮಾಡಿದ್ದೇನೆ.

ಕಿಟ್‌ನ ಸ್ಕ್ರೂಗಳನ್ನು ಬಳಸಬೇಡಿ. ಅವು ತಗಡಿಗೆ ಕಚ್ಚಿ ಕೂರುವ ಸ್ಕ್ರೂ. ಫೈಬರ್‌ನಲ್ಲಿ ಗಾಡಿ ಅದುರಿದಂತೆಲ್ಲ ತೂತು ದೊಡ್ಡದಾಗುತ್ತಾ ಹೋಗುತ್ತದೆ. ನಾನು 5 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟ್ ಹಾಕಿದೆ. ಒಳಗಡೆ ಅಲ್ಯೂಮಿನಿಯಂ ತಗಡಿನ ಒಂದು ಉಂಗುರ, ಅದರ ಮೇಲೆ ಅಗಲವಾದ ವಾಷರ್, ನೈಲಾಕ್ ನಟ್. ನಟ್ ಬಿಗಿ ಮಾಡಿದ್ದು ಗ್ಯಾಸ್ಕೆಟ್ ಸ್ವಲ್ಪ ಒತ್ತಿಕೊಳ್ಳುವ ತನಕ ಮಾತ್ರ.

ಈಗ ವೈರಿಂಗ್. ಈ ಕಿಟ್ ತಗಡಿನ ಕಾರಿಗೆ ಮಾಡಿದ್ದು ಅನ್ನುವುದು ಪೂರ್ತಿ ಗೊತ್ತಾಗುವುದು ಇಲ್ಲೇ. ಬಲ್ಬ್ ಹೋಲ್ಡರ್‌ನಿಂದ ಬಂದ ಕಪ್ಪು ವೈರನ್ನು ಬಕೆಟ್‌ನ ಸ್ಕ್ರೂಗೆ ಸಿಕ್ಕಿಸಿ ಮುಗಿಸಿದ್ದಾರೆ. ತಗಡಿನ ಕಾರಲ್ಲಿ ಬಾಡಿಯೇ ಅರ್ಥ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಅಲ್ಲಿ ಅಷ್ಟು ಸಾಕು. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ನನಗೆ ಇದು ಗೊತ್ತಿಲ್ಲದ ವಿಷಯವಲ್ಲ, ಆ ಕ್ಷಣಕ್ಕೆ ಹೊಳೆಯಲಿಲ್ಲ ಅಷ್ಟೇ. ಸ್ವಿಚ್ ಒತ್ತಿದೆ. ಬಲಗಡೆ ಡಿಪ್ ಜೋರಾಗಿ ಹತ್ತಿತು. ಎಡಗಡೆ ದೀಪ ಸಾಯುವ ಟಾರ್ಚ್ ತರ ಕೆಂಪಗೆ. ವಿಚಿತ್ರ ಅಂದರೆ, ಹೈ ಬೀಮ್ ಹಾಕಿಲ್ಲ, ಆದರೂ ಡ್ಯಾಶ್‌ಬೋರ್ಡ್‌ನ ನೀಲಿ ದೀಪ ಮಿಣಮಿಣ ಅನ್ನುತ್ತಿದೆ.

ಅರ್ಧ ಗಂಟೆ ಸ್ವಿಚ್ ಬಿಚ್ಚಿ ನೋಡಿದೆ. ಸ್ವಿಚ್‌ನಲ್ಲಿ ಏನೂ ಇರಲಿಲ್ಲ. ಆದದ್ದು ಇಷ್ಟು. ಎಡಗಡೆ ಬಲ್ಬಿಗೆ ಅರ್ಥ್ ಇಲ್ಲ. ಡಿಪ್ ತಂತಿ ದಾಟಿ ಬಂದ ಕರೆಂಟು ಹೊರಗೆ ಹೋಗಲು ದಾರಿ ಇಲ್ಲದೆ ಅದೇ ಬಲ್ಬಿನ ಹೈ ಬೀಮ್ ತಂತಿಯಲ್ಲಿ ಹಿಂದಕ್ಕೆ ಹರಿದಿದೆ. ಅಲ್ಲಿಂದ ಹೈ ಬೀಮ್ ವೈರ್ ಹಿಡಿದು ಬಲಗಡೆ ಬಲ್ಬಿಗೆ, ದಾರಿಯಲ್ಲಿ ನೀಲಿ ದೀಪಕ್ಕೂ ಒಂದಿಷ್ಟು. ಹಾಗಾದರೆ ಬಲಗಡೆಗೆ ಅರ್ಥ್ ಎಲ್ಲಿಂದ ಬಂತು? ಆ ಬಕೆಟ್‌ನ ಬೆನ್ನು ಚಾಸಿಸ್ ಪೈಪಿಗೆ ತಾಗಿಕೊಂಡಿತ್ತು! ಅದೃಷ್ಟ ಅಂತ ಕರೆಯಬೇಕೋ ದುರದೃಷ್ಟ ಅಂತಲೋ. ಎರಡೂ ದೀಪಕ್ಕೆ ಬೇರೆ ಬೇರೆ 2.5 ಚದರ ಮಿ.ಮೀ. ಕಪ್ಪು ವೈರ್ ಎಳೆದು, ಚಾಸಿಸ್‌ನಲ್ಲಿ ಬಣ್ಣ ಕೆರೆದ ಒಂದು ಬೋಲ್ಟಿಗೆ ಸೇರಿಸಿದೆ. ಅಲ್ಲಿಂದ ಬ್ಯಾಟರಿಯ ನೆಗೆಟಿವ್‌ಗೆ ಇನ್ನೊಂದು ದಪ್ಪ ವೈರ್.

ಆದರೂ ಬೆಳಕು ಮಂಕು. ಮೀಟರ್ ಹಿಡಿದೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಬಾಯಲ್ಲಿ 11.9. ಹ್ಯಾಲೊಜನ್ ಬಲ್ಬಿನಲ್ಲಿ ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ಎಚ್4 ಬಲ್ಬ್ 60/55 ವಾಟ್‌ನದ್ದು. ಎರಡು ಡಿಪ್ ಸೇರಿದರೆ 12 ವೋಲ್ಟ್‌ನಲ್ಲಿ 9 ಆಂಪಿಯರ್ ಮೇಲೆ. ಅಷ್ಟನ್ನೂ ಕಿಟ್‌ನ ಸಣ್ಣ ವೈರು, ಹಳೆಯ ಸ್ವಿಚ್ ಮೂಲಕ ಕಳಿಸಿದರೆ ಹೀಗೇ ಆಗುತ್ತದೆ. ಡಿಪ್‌ಗೊಂದು, ಹೈ ಬೀಮ್‌ಗೊಂದು ರಿಲೇ ಹಾಕಿದೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್, ಅದರ ಕಾಲುಗಳಿಗೆ ನಂಬರ್ ಇರುತ್ತದೆ. ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ವೈರ್ 30ಕ್ಕೆ, ದೀಪದ ವೈರ್ 87ಕ್ಕೆ, ಸ್ವಿಚ್ಚಿನ ವೈರ್ 86ಕ್ಕೆ, 85 ಅರ್ಥ್‌ಗೆ. ಮತ್ತೆ ಅಳೆದರೆ 13.4. ಆವತ್ತು ರಾತ್ರಿ ಗೋಡೆ ಮೇಲೆ ಬಿದ್ದ ಬೆಳಕು ನೋಡಿ ಸುಮ್ಮನೆ ಕೂತುಬಿಟ್ಟೆ. ಅದೇ ಬಲ್ಬ್, ಅದೇ ಗಾಜು!

ಮಬ್ಬು ಅಂತ ಎಲ್‌ಇಡಿ ಬಲ್ಬ್ ಸಿಕ್ಕಿಸಲು ಹೋಗುವವರು ಮೊದಲು ಮೀಟರ್ ಹಿಡಿದು ನೋಡಿ. ಎಚ್4 ಬಲ್ಬಿನ ಡಿಪ್ ತಂತಿಯ ಕೆಳಗೆ ಒಂದು ಸಣ್ಣ ಲೋಹದ ಬಟ್ಟಲು ಇರುತ್ತದೆ. ಬೆಳಕಿಗೆ ಆ ಗೆರೆ ಬರುವುದು ಅದರಿಂದ. ರಿಫ್ಲೆಕ್ಟರ್ ಮಾಡಿರುವುದೂ ಆ ತಂತಿ ಇರುವ ಜಾಗದ ಲೆಕ್ಕಕ್ಕೆ. ಎಲ್‌ಇಡಿಯಲ್ಲಿ ಬೆಳಕು ಹುಟ್ಟುವ ಜಾಗವೇ ಬೇರೆ. ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗಾಜಿನ ಮೇಲೆ ವೃತ್ತದೊಳಗೆ ‘ಇ’ (E) ಗುರುತು ಇದೆಯೋ ನೋಡಿ, ಅದು ವಿಶ್ವಸಂಸ್ಥೆಯ ವಾಹನ ನಿಯಮದ ಒಪ್ಪಿಗೆಯ ಗುರುತು. ಅದರ ಹತ್ತಿರ ಬಾಣ ಇದ್ದು, ಎದುರು ನಿಂತು ನೋಡುವವರ ಬಲಕ್ಕೆ ತೋರಿಸಿದರೆ ಅದು ರಸ್ತೆಯ ಎಡಗಡೆ ಓಡಿಸುವ ಕಡೆಗೆ ಮಾಡಿದ ದೀಪ. ಬಾಣವೇ ಇಲ್ಲದಿದ್ದರೆ ಬಲಗಡೆ ಓಡಿಸುವ ಕಡೆಯದ್ದು. ತಪ್ಪು ದೀಪ ತಂದರೆ ಎಷ್ಟು ಅಡ್ಜಸ್ಟ್ ಮಾಡಿದರೂ ಅಷ್ಟೇ.

ಬೆಳಕು ಹೊಂದಿಸಿದ್ದು ಸಮತಟ್ಟು ಜಾಗದಲ್ಲಿ, ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ದೀಪದ ನಡುಮಧ್ಯದ ಎತ್ತರಕ್ಕೆ ಒಂದು ಟೇಪ್, ಅದಕ್ಕಿಂತ 10 ಸೆ.ಮೀ. ಕೆಳಗೆ ಇನ್ನೊಂದು. ಡಿಪ್‌ನ ಅಂಚು ಕೆಳಗಿನ ಟೇಪಿಗೆ ಬಂದರೆ ನೂರಕ್ಕೆ ಒಂದರ ಇಳಿಜಾರು. ಮರಳಿನ ಚೀಲ ಆಗಲೂ ಸೀಟಲ್ಲಿ ಇತ್ತು.

ಒಂದು ವಿಷಯ ಮರೆತಿದ್ದೆ. ನನ್ನ ಕಾರಿನಲ್ಲಿ ಬಕೆಟ್‌ನ ಹಿಂಭಾಗ ನೇರ ಮುಂದಿನ ಚಕ್ರಕ್ಕೆ ಮುಖ ಮಾಡಿದೆ. ಚಕ್ರ ಎರಚುವ ನೀರು, ಕಲ್ಲು ಎಲ್ಲ ಅಲ್ಲಿಗೇ. ವೈರ್ ಒಳಗೆ ಹೋಗುವ ಜಾಗಕ್ಕೆ ಕಿಟ್‌ನವರು ಕೊಟ್ಟ ರಬ್ಬರ್ ಎರಡು ಮಳೆಗೆ ಹರಿಯಿತು. ಒಳಗೆ ನೀರು ನಿಂತು ಗಾಜಿನ ಹಿಂದೆ ಹಬೆ ಹತ್ತಿತು. ದಪ್ಪ ರಬ್ಬರ್ ಹಾಕಿ, ಬಕೆಟ್‌ನ ತಳಕ್ಕೆ 5 ಮಿ.ಮೀ. ತೂತು ಕೊರೆದೆ. ಆಮೇಲೆ ಹಬೆ ಇಲ್ಲ. ಕ್ರೋಮ್ ರಿಂಗ್‌ನ ಕೆಳಗಿನ ಸ್ಕ್ರೂ ಹತ್ತಿರ ಆಗಲೇ ತುಕ್ಕು ಕಾಣುತ್ತಿದೆ, ಅದಕ್ಕೆ ಇನ್ನೂ ಏನೂ ಮಾಡಿಲ್ಲ.

ಐದಕ್ಕೆ ಎಷ್ಟು ಅಂತ ಕೇಳಿದರೆ, ದೀಪಕ್ಕೆ ನಾಲ್ಕೂವರೆ, ಬಕೆಟ್‌ಗೆ ಮೂರು, ಸ್ಕ್ರೂ ಮತ್ತು ವೈರಿಗೆ ಒಂದು. ಕಾಗದಕ್ಕೆ ಸೊನ್ನೆ. ಇನ್ನೊಂದು ಫೈಬರ್ ಕಾರು ಕಟ್ಟಿದರೂ ಇದೇ ದೀಪ ತರುತ್ತೇನೆ, ಆದರೆ ಡಬ್ಬಿ ಬಿಚ್ಚುವ ಮೊದಲೇ ಎರಡು ರಿಲೇ, ಕಪ್ಪು ವೈರಿನ ಸುರುಳಿ, ಅಗಲ ವಾಷರ್ ಪಕ್ಕದಲ್ಲಿ ಇಟ್ಟುಕೊಂಡಿರುತ್ತೇನೆ. ಬಲಗಡೆಯ ಆ ಐದು ಬಿರುಕಿನ ನಕ್ಷತ್ರ ರಿಂಗ್‌ನ ಅಂಚಿನಿಂದ ಸ್ವಲ್ಪ ಹೊರಗೆ ಇಣುಕುತ್ತಿದೆ. ಪೇಂಟ್‌ಗೆ ಕೊಡುವ ಮೊದಲು ಅದನ್ನು ಕೆರೆದು ತುಂಬಬೇಕು.