ಬಾವಿಯ ಏಳನೇ ಮೆಟ್ಟಿಲಲ್ಲಿ ನಿಂತುಹೋದ ನಮ್ಮ ಆಟ: ಗುಂಪು ಕಟ್ಟುವ ಮುಂಚೆ ಓದಿ

ಟೆಲಿಗ್ರಾಂನಲ್ಲಿ ಪಾತ್ರ ಹಾಕಿ ಬರೆಯುವ ಆಟ ಆಡೋಣ ಅಂತ ಗೆಳೆಯರು ಕರೆದರೆ ಖಂಡಿತ ಹೋಗಿ. ಆದರೆ ನಾನು ನಡೆಸಿದ ಹಾಗೆ ಮಾತ್ರ ನಡೆಸಬೇಡಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ತನ್ನ ಪಾತ್ರ ಏನು ಮಾಡಿತು, ಏನು ಅಂದಿತು ಅಂತ ಮೆಸೇಜ್ ಹಾಕಬೇಕು. ಮಿಕ್ಕ ಊರು, ಮಳೆ, ಕಳ್ಳ, ಕಾವಲುಗಾರ ಎಲ್ಲ ಗೇಮ್ ಮಾಸ್ಟರ್ ತಲೆಮೇಲೆ. ಅದು ನಾನು. ದೊಡ್ಡಾಟದ ಲೆಕ್ಕದಲ್ಲಿ ನಮ್ಮವರು ನನ್ನನ್ನು ಭಾಗವತ ಅಂತ ಕರೆಯುತ್ತಿದ್ದರು.

ಕಳೆದ ದಸರಾ ರಜೆಯಲ್ಲಿ ಶುರು ಮಾಡಿದೆವು. ಆಡುವವರು ಆರು ಜನ: ಹುಬ್ಬಳ್ಳಿ ದುರ್ಗದಬೈಲಿನಲ್ಲಿ ಅಂಗಡಿ ಇರುವ ಗೆಳೆಯ, ಗದಗಿನ ಅಣ್ಣ, ಹಾವೇರಿಯ ಟೀಚರ್ ಅಕ್ಕ, ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗ, ಬೆಂಗಳೂರು ಸೇರಿದ ಇಬ್ಬರು. ಕಥೆ ಗದಗಿನ ಹತ್ತಿರದ ಲಕ್ಕುಂಡಿಯದು. ಅತ್ತಿಮಬ್ಬೆ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳಲ್ಲ, ಅದಾದ ಮೇಲಿನ ಕಾಲ. ನಾಣ್ಯ ಅಚ್ಚು ಹಾಕುವ ಟಂಕಸಾಲೆಯಿಂದ ಗದ್ಯಾಣ ಅನ್ನುವ ಚಿನ್ನದ ನಾಣ್ಯಗಳು ಕಾಣೆಯಾಗಿವೆ, ಕಳ್ಳನನ್ನು ಹಿಡಿಯಬೇಕು. ಇದಕ್ಕೆ ನಾನು ಹದಿನಾಲ್ಕು ಪುಟ ಬರೆದಿಟ್ಟಿದ್ದೆ. ಯಾವ ಓಣಿಯಲ್ಲಿ ಯಾರ ಮನೆ, ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದೆ, ಎಲ್ಲ. ಒಬ್ಬರೂ ಓದಲಿಲ್ಲ. ಗದಗಿನ ಅಣ್ಣ ಓದಿದೆ ಅಂದ. ಕೇಳಿ ನೋಡಿದರೆ ಎರಡನೇ ಪುಟವನ್ನೂ ದಾಟಿರಲಿಲ್ಲ.

ಮೊದಲ ವಾರ ಗುಂಪಿನಲ್ಲಿ ಜಾತ್ರೆಯ ಗದ್ದಲ. ಅಂಗಡಿಯವನು ಗಿರಾಕಿ ನಿಲ್ಲಿಸಿಕೊಂಡು ಟೈಪ್ ಮಾಡುತ್ತಿದ್ದ. ಆಮೇಲೆ ಎಲ್ಲರೂ ಬಾವಿಗೆ ಇಳಿದರು. ಲಕ್ಕುಂಡಿಯ ಮುಸುಕಿನ ಬಾವಿ ನೋಡಿದ್ದೆನಲ್ಲ, ಅಂಥದ್ದೇ ಒಂದು ಮೆಟ್ಟಿಲು ಬಾವಿ ಕಥೆಯಲ್ಲಿತ್ತು. ಏಳನೇ ಮೆಟ್ಟಿಲ ಪಕ್ಕ ಒಂದು ಕಲ್ಲಿನ ಬಾಗಿಲು. ಸರದಿ ಸಪ್ತಾಪುರದ ಹುಡುಗನದು.

‘ಇವತ್ತ ರಾತ್ರಿ ಪಕ್ಕಾ ಹಾಕ್ತೀನ್ರಿ ಭಾಗವತ್ರ’ ಅಂದ. ಹತ್ತೊಂಬತ್ತು ದಿನ ಆಯಿತು. ಐದು ಜನ ಕತ್ತಲಲ್ಲಿ ಪಂಜು ಹಿಡಿದು ನಿಂತೇ ಇದ್ದರು.

ಸರದಿಯ ನಿಯಮ ನಾನೇ ತಂದದ್ದು. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಪಾತ್ರ ಹಾಕಿ ಆಡುವ ಆಟದಲ್ಲಿ ಕಾದಾಟ ಬಂದರೆ ದಾಳ ಹಾಕಿ ಯಾರ ನಂತರ ಯಾರು ಅಂತ ಗೊತ್ತುಮಾಡುತ್ತಾರೆ. ನಾನು ಅದನ್ನು ಇಡೀ ಆಟಕ್ಕೇ ಹಚ್ಚಿದೆ. ಅದು ಒಂದೇ ಮೇಜಿನ ಸುತ್ತ ಕೂತು ಆಡುವವರಿಗೆ ಮಾಡಿದ್ದು. ಅಲ್ಲಿ ಒಬ್ಬ ಯೋಚಿಸುತ್ತ ಕೂತರೆ ಪಕ್ಕದವನು ತಿವಿಯುತ್ತಾನೆ. ಫೋನಿನಲ್ಲಿ ಒಬ್ಬೊಬ್ಬರು ದಿನಕ್ಕೊಂದು ಬರೆದರೂ ಆರು ಜನ, ನಾನು ಸೇರಿ ಏಳು. ಒಂದು ಸುತ್ತಿಗೆ ಒಂದು ವಾರ. ಯಾರೂ ತಡ ಮಾಡದಿದ್ದರೆ!

ಹುಡುಗನ ಮೇಲೆ ನನಗೆ ಸಿಟ್ಟಿತ್ತು. ಸಂಕ್ರಾಂತಿ ಆದಮೇಲೆ ಚಹಾ ಅಂಗಡಿಯಲ್ಲಿ ಸಿಕ್ಕ. ಯಾಕೋ ಹಿಂಗ ಮಾಡಿದಿ ಅಂದೆ. ‘ಓದೋದರಾಗ ಎರಡ ದಿನ ತಡ ಆತ್ರಿ. ಅಕ್ಕಾರು ನೋಡ್ರಿ, ಅರ್ಧ ಪುಟ ಬರೀತಾರ. ನಾ ಎರಡ ಸಾಲು ಹಾಕಿದ್ರ ನಾಚಿಕಿ ಅಲ್ರಿ? ಛಲೋದೊಂದು ಬರದು ಹಾಕೂಣಂತ ಕುಂತೆ. ತಡ ಆದಂಗೆಲ್ಲ ಇನ್ನೂ ಛಲೋ ಬರೀಬೇಕು ಅನಿಸ್ತು.’

ಸಾಲ ಬೆಳೆದಂತೆ ಸಾಲಗಾರ ಬೀದಿ ಬದಲಿಸುತ್ತಾನಲ್ಲ, ಹಾಗೆ. ಅವನಿಗೆ ಆಟ ಬೇಸರವಾಗಿರಲಿಲ್ಲ, ಸುಮ್ನೆ ಹೆದರಿದ್ದ. ನಾನು ಗುಂಪಿನಲ್ಲಿ ಎಲ್ಲರ ಮುಂದೆ ದಿನಾ ‘ಏನಾತೋ?’ ಅಂತ ಕೇಳಿ ಬಡ್ಡಿ ಏರಿಸಿದೆ. ಅಷ್ಟರಲ್ಲಿ ಬೆಂಗಳೂರಿನ ಇಬ್ಬರು ತಮ್ಮಷ್ಟಕ್ಕೆ ಬೇರೆ ಚಾಟ್ ಮಾಡಿಕೊಂಡು ಕಳ್ಳನ ಹಿಂದೆ ಹೋಗಿದ್ದರು. ಅದು ಉಳಿದವರಿಗೆ ಗೊತ್ತಾದ ದಿನ ಟೀಚರ್ ಅಕ್ಕ ‘ಆತು ಬಿಡ್ರಿ’ ಅಂತ ಬರೆದರು. ಅದೇ ಕೊನೆಯ ಮೆಸೇಜ್.

ಈಗ ಮೂರು ಜನರನ್ನಿಟ್ಟುಕೊಂಡು ಬೇರೆ ಆಟ ನಡೆಸುತ್ತಿದ್ದೇನೆ. ಸರದಿ ಇಲ್ಲ. ಎರಡು ದಿನ ಯಾರಾದರೂ ಬರೆಯದಿದ್ದರೆ ಅವರ ಪಾತ್ರ ಏನು ಮಾಡಿತು ಅಂತ ನಾನೇ ಒಂದು ಸಾಲು ಹಾಕಿ ಮುಂದೆ ಹೋಗುತ್ತೇನೆ. ಪಾತ್ರ ಸಾಯಿಸುವುದಿಲ್ಲ, ಮಾನ ಕಳೆಯುವುದಿಲ್ಲ, ಅಷ್ಟು ಭರವಸೆ ಕೊಟ್ಟಿದ್ದೇನೆ. ನಾಲ್ಕು ಸಾಲಿಗಿಂತ ಜಾಸ್ತಿ ಬರೆಯುವಂತಿಲ್ಲ, ಇದು ಮೊದಲು ನನಗೇ ಕಷ್ಟವಾಯಿತು. ‘ಅವನು ಸುಮ್ಮನೆ ನೋಡುತ್ತ ನಿಂತ’ ಅಂತ ಯಾರೂ ಮುಗಿಸುವಂತಿಲ್ಲ. ಮುಂದಿನವರು ಹಿಡಿದುಕೊಳ್ಳಲು ಏನಾದರೂ ಬಿಡಬೇಕು: ಒಂದು ಪ್ರಶ್ನೆ, ಒಂದು ಸದ್ದು, ಬಿದ್ದ ಗದ್ಯಾಣ. ಕಥೆ ಯುಗಾದಿಗೆ ಮುಗಿಯುತ್ತದೆ ಅಂತ ಮೊದಲೇ ಹೇಳಿದ್ದೇನೆ. ಪರೀಕ್ಷೆ, ಮದುವೆ, ಅಂಗಡಿ ಸೀಸನ್ ಇದ್ದವರು ‘ನನ್ನ ಪಾತ್ರ ಊರಿಗೆ ಹೋಗಿದೆ’ ಅಂತ ಬರೆದು ಹೋಗಬಹುದು.

ಮೊನ್ನೆ ರಾತ್ರಿ ಹಳೇ ಗುಂಪಿನಲ್ಲಿ ಟಿಂಗ್ ಅಂತು. ಸಪ್ತಾಪುರದ ಹುಡುಗ. ‘ಬಾಗಲಾ ತಗದ್ನಿರಿ. ಒಳಗ ಏನದ?’

ಏನಿತ್ತು ಅನ್ನುವುದು ನನಗೇ ಮರೆತಿದೆ. ಆ ಹದಿನಾಲ್ಕು ಪುಟದಲ್ಲಿ ಎಲ್ಲೋ ಇರಬೇಕು, ಹುಡುಕುತ್ತಿದ್ದೇನೆ.