ಅರಿವು ಕೇಂದ್ರಕ್ಕೆ ಜೊತೆಗಾರರು: ಶಾಲೆಯೋ, ಕಲಾತಂಡವೋ, ಹೊರಗಿನ ಸಂಸ್ಥೆಯೋ?

ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಪುಸ್ತಕದ ಜೊತೆಗೆ ಜನಪದ ಹಾಡು, ಕಥೆ, ತಾಳಮದ್ದಲೆಗಳಿಗೂ ಜಾಗ ಕೊಡಬೇಕೆಂದಿರುವ ಮೇಲ್ವಿಚಾರಕರೊಬ್ಬರು, ಯಾರೊಂದಿಗೆ ಕೈಜೋಡಿಸುವುದು ಒಳ್ಳೆಯದೆಂದು ಕೇಳಿದ್ದಾರೆ.

ಖರ್ಚಿನಲ್ಲಿ ಶಾಲೆಯೇ ಹಗುರ. ಮಕ್ಕಳು ಹತ್ತಿರದಲ್ಲೇ ಇರುತ್ತಾರೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಸದಸ್ಯತ್ವವೂ ಉಚಿತ. ಊರಿನ ಕಲಾತಂಡವು ಸಂಭಾವನೆ ಕೇಳದಿದ್ದರೂ ಊಟ, ಓಡಾಟದ ವೆಚ್ಚವನ್ನು ಕೊಡಲೇಬೇಕು. ಪುಕ್ಕಟೆಯಾಗಿ ಹಾಡಿಸುವುದು ಕಲೆಗೆ ತೋರುವ ಅಗೌರವವೆಂದೇ ನನ್ನ ಅಭಿಪ್ರಾಯ. ಹೊರಗಿನ ಸಂಸ್ಥೆಯಾದರೋ ಕಂಪ್ಯೂಟರ್, ಕಪಾಟುಗಳನ್ನು ತಾನೇ ತರಬಹುದು.

ಬಾಳಿಕೆಯ ಪ್ರಶ್ನೆ ಬಂದಾಗ ಈ ಲೆಕ್ಕ ತಿರುಗುಮುರುಗಾಗುತ್ತದೆ. ಹೊರಗಿನ ಸಂಸ್ಥೆಯ ನೆರವು ಯೋಜನೆಯ ಅವಧಿಗೆ ಕಟ್ಟುಬಿದ್ದಿರುತ್ತದೆ, ಅವಧಿ ಮುಗಿದ ಮೇಲೆ ಕೆಟ್ಟ ಕಂಪ್ಯೂಟರನ್ನು ರಿಪೇರಿ ಮಾಡಿಸುವ ಹೊಣೆ ಪಂಚಾಯಿತಿಯ ಹೆಗಲಿಗೇ ಬರುತ್ತದೆ. ಶಾಲೆಯ ಉತ್ಸಾಹ ಆಸಕ್ತ ಶಿಕ್ಷಕರ ವರ್ಗಾವಣೆಯೊಂದಿಗೆ ಕುಗ್ಗಬಹುದು. ಕಲಾತಂಡ ಊರಿನಲ್ಲೇ ಉಳಿಯುತ್ತದೆ; ಆದರೆ ಸುಗ್ಗಿ, ಜಾತ್ರೆಗಳ ದಿನಗಳಲ್ಲಿ ಅವರನ್ನು ನಿರೀಕ್ಷಿಸುವಂತಿಲ್ಲ.

ನಿರ್ವಹಣೆಗೆ ಶಾಲೆ ಸುಲಭ, ವೇಳಾಪಟ್ಟಿ ಇದ್ದರೆ ಸಾಕು. ಸಂಸ್ಥೆಯೊಂದಿಗೆ ಮಾತ್ರ ಲಿಖಿತ ಒಪ್ಪಂದ, ವಸ್ತುಗಳ ಒಡೆತನದ ಸ್ಪಷ್ಟತೆ ಅಗತ್ಯ.

ಕೇಂದ್ರಕ್ಕೆ ಮಕ್ಕಳೇ ಬರುತ್ತಿಲ್ಲವಾದರೆ ಶಾಲೆಯಿಂದ ತೊಡಗಿರಿ. ಮಕ್ಕಳು ಬಂದರೂ ಹಿರಿಯರು, ಅದರಲ್ಲೂ ಮಹಿಳೆಯರು, ಹೊಸ್ತಿಲು ತುಳಿಯದಿದ್ದರೆ ಸೋಬಾನೆ ಹಾಡುವವರನ್ನು ಸಂಜೆ ಆಹ್ವಾನಿಸುವುದು ಹೆಚ್ಚು ಫಲಕಾರಿ. ಕಟ್ಟಡ, ಉಪಕರಣಗಳ ಕೊರತೆಯೇ ಮುಖ್ಯವಾಗಿದ್ದಲ್ಲಿ ಸಂಸ್ಥೆಯನ್ನು ಕೇಳಬಹುದು, ದುರಸ್ತಿಯ ಹಣವನ್ನು ಪಂಚಾಯಿತಿ ಮೊದಲೇ ತೆಗೆದಿರಿಸಿದ್ದರೆ.